ಇವರ ಹೆಸರನ್ನಾದರೂ ಬರೆದುಕೊಳ್ಳಿ: ಆರೋಗ್ಯ ಸಚಿವರಿಗೆ ರಾಯಚೂರಿನಿಂದ ಒಂದು ಬಹಿರಂಗ ಪತ್ರ

ಸನ್ಮಾನ್ಯ ಆರೋಗ್ಯ ಸಚಿವರೇ,

ಏಮ್ಸ್ ಬೇಕೆಂದು ರಾಯಚೂರಿನ ಜನ 2022ರಿಂದ ಧರಣಿ ಕೂತದ್ದು ತಮಗೆ ಗೊತ್ತಿದೆ. ಆ ಬೇಡಿಕೆ ಹಾಗೇ ಇರಲಿ. ನಾನು ಕೇಳುತ್ತಿರುವುದು ಅದಕ್ಕಿಂತ ಬಹಳ ಸಣ್ಣದು.

ನನ್ನ ತಮ್ಮನಿಗೆ ರೆಟಿನೈಟಿಸ್ ಪಿಗ್ಮೆಂಟೋಸಾ, ಅಂದರೆ ಜೀನ್ ದೋಷದಿಂದ ಕಣ್ಣಿನ ಹಿಂಬದಿಯ ಪರದೆ (ರೆಟಿನಾ) ನಿಧಾನವಾಗಿ ಕೆಡುವ ರೋಗ. ನಮ್ಮದು ಸಿಂಧನೂರು ಕಡೆಯ ಭತ್ತದ ಗದ್ದೆ. ಹೈಸ್ಕೂಲಿಗೆ ಹೋಗುವಾಗಲೇ ಅವನಿಗೆ ಹೊತ್ತು ಮುಳುಗಿದರೆ ಬದು ಕಾಣುತ್ತಿರಲಿಲ್ಲ, ಕೆಸರಿಗೆ ಬೀಳುತ್ತಿದ್ದ. ಇರುಳುಗುರುಡು ಅಂತ ವಿಟಮಿನ್ ಗುಳಿಗೆ ಕೊಟ್ಟರು. ಈಗ ಊಟಕ್ಕೆ ಕೂತರೆ ತಟ್ಟೆಯ ನಡುವಿನ ಅನ್ನ ಕಾಣುತ್ತದೆ, ಅಂಚಿನ ಪಲ್ಯಕ್ಕೆ ತಡಕಾಡುತ್ತಾನೆ. ದೊಡ್ಡ ಆಸ್ಪತ್ರೆಯೊಂದರಲ್ಲಿ ‘ಇದಕ್ಕೆ ಔಷಧಿ ಇಲ್ಲ, ಮನೆಗೆ ಕರಕೊಂಡು ಹೋಗ್ರಿ’ ಅಂದುಬಿಟ್ಟರು. ಮುಂದೆ ಬೇಕಾದೀತೆಂದು ಹೆಸರು, ಫೋನ್ ನಂಬರ್ ಕೂಡ ಬರೆದುಕೊಳ್ಳಲಿಲ್ಲ. ನನಗೆ ಇಂದಿಗೂ ಸಂಕಟವಾಗುವುದು ಅದಕ್ಕೇ.

ಯಾಕೆಂದರೆ ದಾರಿ ತೆರೆಯುತ್ತಿದೆ. ಈ ರೋಗದಲ್ಲಿ ಸಾಯುವುದು ಬೆಳಕು ಹಿಡಿಯುವ ಕೋಶಗಳು. ಮಿದುಳಿಗೆ ಸುದ್ದಿ ಒಯ್ಯುವ ಗ್ಯಾಂಗ್ಲಿಯನ್ ಕೋಶಗಳು ಎಷ್ಟೋ ವರ್ಷ ಜೀವ ಹಿಡಿದಿರುತ್ತವೆ. ಹಸಿರು ಪಾಚಿಯಲ್ಲಿ ಬೆಳಕಿಗೆ ಎಚ್ಚರಗೊಳ್ಳುವ ಒಂದು ಪ್ರೋಟೀನ್ ಇದೆ. ಅದರ ಜೀನನ್ನು ರೋಗ ತಾರದಂತೆ ಮಾಡಿದ ವೈರಸ್ಸಿನಲ್ಲಿಟ್ಟು ಕಣ್ಣೊಳಗೆ ಚುಚ್ಚಿದರೆ ಉಳಿದ ಆ ಕೋಶಗಳೇ ಬೆಳಕನ್ನು ಗುರುತಿಸತೊಡಗುತ್ತವೆ. ಇದೇ ಆಪ್ಟೋಜೆನೆಟಿಕ್ ಚಿಕಿತ್ಸೆ. 2021ರಲ್ಲಿ ಜೋಸೆ ಸಾಹೆಲ್ ಮತ್ತು ಬೊಟೊಂಡ್ ರೋಸ್ಕಾ ಅವರ ತಂಡ ‘ನೇಚರ್ ಮೆಡಿಸಿನ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಮೊದಲ ಫಲ ಪ್ರಕಟಿಸಿತು. 58 ವರ್ಷದ ವ್ಯಕ್ತಿಯೊಬ್ಬರು ವಿಶೇಷ ಕನ್ನಡಕ ಹಾಕಿಕೊಂಡು ಮೇಜಿನ ಮೇಲಿನ ಲೋಟಗಳನ್ನು ಗುರುತಿಸಿ ಎಣಿಸಿದರು, ರಸ್ತೆಯ ಜೀಬ್ರಾ ಪಟ್ಟೆಗಳನ್ನು ಕಂಡರು. ಮುಖ ಗುರುತಿಸುವ, ಓದುವ ದೃಷ್ಟಿ ಬರಲಿಲ್ಲ, ನಿಜ. ಆದರೂ ಕತ್ತಲೆಯಲ್ಲಿದ್ದವರಿಗೆ ಅದು ಕಡಿಮೆಯೇ?

ಇನ್ನೊಂದು ಮಾತು. 2017ರಲ್ಲಿ ಅಮೆರಿಕ ಒಪ್ಪಿದ ಲಕ್ಸ್‌ಟರ್ನಾ ಔಷಧಿ ಆರ್‌ಪಿಇ65 ಎಂಬ ಒಂದೇ ಜೀನ್ ಕೆಟ್ಟವರಿಗೆ. ಆಪ್ಟೋಜೆನೆಟಿಕ್ಸ್‌ಗೆ ಆ ಕಟ್ಟುಪಾಡಿಲ್ಲ. ಯಾವ ಜೀನ್ ಕೆಟ್ಟಿದ್ದರೂ ಪ್ರಯತ್ನಿಸಬಹುದು. ಆದರೆ ಸೂಜಿ ಚುಚ್ಚಿದ ಮರುದಿನವೇ ಕಾಣುವುದಿಲ್ಲ. ಆ ವ್ಯಕ್ತಿಗೆ ಸುಧಾರಣೆ ಅನುಭವಕ್ಕೆ ಬಂದದ್ದು ಆ ಕನ್ನಡಕದಿಂದ ನೋಡಲು ಕಲಿಸುವ ತರಬೇತಿ ಶುರುವಾಗಿ 7 ತಿಂಗಳ ನಂತರ. ಔಷಧಿ ನಾಳೆ ನಮ್ಮ ದೇಶಕ್ಕೆ ಬಂದರೂ ಕಲಿಸುವವರಿಲ್ಲದಿದ್ದರೆ ನಮಗೆ ದಕ್ಕುವುದಿಲ್ಲ.

ಆದ್ದರಿಂದ ರಾಯಚೂರಿನ ಸರ್ಕಾರಿ ವೈದ್ಯಕೀಯ ಕಾಲೇಜು ರಿಮ್ಸ್‌ನ ಕಣ್ಣಿನ ವಿಭಾಗದಲ್ಲಿ ರಾಯಚೂರು, ಕೊಪ್ಪಳ, ಬಳ್ಳಾರಿ ಮೂರೂ ಜಿಲ್ಲೆಗಳ ಇಂಥ ರೋಗಿಗಳ ನೋಂದಣಿ ಶುರುಮಾಡಿಸಿ. ಹೆಸರಿನ ಜೊತೆಗೆ ಜೀನ್ ಪರೀಕ್ಷೆಯ ವರದಿಯೂ ಇರಲಿ. ಅಳಿದುಳಿದ ದೃಷ್ಟಿಯನ್ನು ಬಳಸಲು ಕಲಿಸುವ ಒಬ್ಬ ತರಬೇತುದಾರರನ್ನು ಅಲ್ಲಿ ನೇಮಿಸಿ. ಅಂಥವರು ನನ್ನ ತಮ್ಮನಿಗೆ ಇವತ್ತೇ ಬೇಕು. ಸೋದರಮಾವನಿಗೆ ಹೆಣ್ಣು ಕೊಡುವ ರೂಢಿ ನಮ್ಮಲ್ಲಿದೆ, ಹತ್ತಿರದ ಸಂಬಂಧದ ಮದುವೆಗಳಲ್ಲಿ ಕೆಲವು ಬಗೆಯ ರೆಟಿನಾ ರೋಗ ಹೆಚ್ಚು. ತಾಯಂದಿರನ್ನು ದೂರದೆ ಇದನ್ನು ತಿಳಿಹೇಳುವ ಸಲಹೆಗಾರರೂ ಇದ್ದರೆ ಎಷ್ಟೋ ಮನೆಗಳಿಗೆ ಉಪಕಾರ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಇದು ಭಾರವಾಗುವ ಖರ್ಚಲ್ಲ.

ಮುಂದಿನ ಬಾರಿ ರಾಯಚೂರಿಗೆ ಬಂದಾಗ ಈ ಕುಟುಂಬಗಳಿಗೆ ಅರ್ಧ ತಾಸು ಕೊಡಿ. ನಾವು ವರದಿಗಳನ್ನು ಹಿಡಿದುಕೊಂಡೇ ಬರುತ್ತೇವೆ.

ಇಂತಿ,
ಸಿಂಧನೂರು ತಾಲ್ಲೂಕಿನ ಒಬ್ಬ ಅಕ್ಕ