ಹಳೇ ಮನೆ ಕೆಡವಲಿಲ್ಲ ಕಣೋ

ಗೆಳೆಯಾ,

ಮನೆ ಕೆಡವಿದೆಯಾ ಅಂತ ನೀನು ಮೂರು ಸಲ ಫೋನಿನಲ್ಲಿ ಕೇಳಿದೆ, ಮೂರು ಸಲವೂ ನಾನು ಬೇರೆ ಮಾತು ತೆಗೆದೆ. ಈಗ ಬರೆದೇ ಹೇಳುತ್ತೇನೆ. ಮನೆ ಕೆಡವಲಿಲ್ಲ. ನೀನು ಪುಣೆಯಲ್ಲಿ ಕೂತು ಗೀಚಿ ಕಳಿಸಿದ ಎರಡು ಅಂತಸ್ತಿನ ಪ್ಲಾನ್ ಹಾಗೇ ಫೋನಿನಲ್ಲಿದೆ. ಬೈಯುವ ಮುಂಚೆ ಪೂರ್ತಿ ಓದು.

ನಮ್ಮ ಮನೆ ನಿನಗೆ ಗೊತ್ತಲ್ಲ. ಶಿಡ್ಲಘಟ್ಟ ಕಡೆಯ ಎಷ್ಟೋ ಹಳೇ ಮನೆಗಳ ಹಾಗೆ ಕಲ್ಲು ಗೋಡೆ, ಮೇಲೆ ಕಲ್ಲು ಚಪ್ಪಡಿ. ತಾತ 1962ರಲ್ಲಿ ಕಟ್ಟಿಸಿದ್ದು. ಹತ್ತನೇ ಕ್ಲಾಸಿನ ರಜೆಯಲ್ಲಿ ಅದರ ಮೇಲೆ ಮಲಗಿ, ಬೆನ್ನು ಕಾದು, ಮಧ್ಯರಾತ್ರಿ ಚಾಪೆ ಸುತ್ತಿಕೊಂಡು ಇಳಿದು ಬರುತ್ತಿದ್ದೆವು. ಆಗ ಸೋರುತ್ತಿರಲಿಲ್ಲ. 2021ರ ನವೆಂಬರ್ ಮಳೆ ನೆನಪಿದೆಯಾ? ಎಷ್ಟೋ ವರ್ಷದ ಮೇಲೆ ಕೆರೆಗಳು ಕೋಡಿ ಬಿದ್ದವು, ಜನ ಹೋಗಿ ಪೂಜೆ ಮಾಡಿ ಬಂದರು. ಅದೇ ವಾರ ನಮ್ಮ ನಡುಮನೆಯಲ್ಲಿ ಐದು ಕಡೆ ಪಾತ್ರೆ ಇಟ್ಟೆವು. ಆಮೇಲೆ ಪ್ರತಿ ಮಳೆಗಾಲವೂ ಪಾತ್ರೆ ಜಾಸ್ತಿ ಆಯಿತೇ ಹೊರತು ಕಮ್ಮಿ ಆಗಲಿಲ್ಲ.

ಕೆಡವಿ ಕಟ್ಟೋಣ ಅಂತ ನಾನೂ ಹೊರಟಿದ್ದೆ. ಟೌನಿನ ಒಬ್ಬ ಕಂಟ್ರಾಕ್ಟರ್ ಬಂದ, ಟೇಪು ಹಿಡಿದ, ಅಡ್ವಾನ್ಸ್ ತಗೊಂಡ, ಒಂದು ಲೋಡ್ ಮರಳು ಇಳಿಸಿದ. ನೋಡಲು ಚೆನ್ನಾಗಿಯೇ ಇತ್ತು. ನೀನು ಹೇಳಿದ್ದೆಯಲ್ಲ, ಗಾಜಿನ ಬಾಟಲಿಯಲ್ಲಿ ಅರ್ಧದವರೆಗೆ ಮರಳು, ಮುಕ್ಕಾಲಿನವರೆಗೆ ನೀರು, ಒಂದು ಚಿಟಿಕೆ ಉಪ್ಪು ಹಾಕಿ ಕುಲುಕಿ ಇಡು ಅಂತ. ಇಟ್ಟೆ. ಬೆಳಿಗ್ಗೆ ನೋಡಿದರೆ ಮರಳಿನ ಮೇಲೆ ಒಂದು ಬೆರಳು ದಪ್ಪ ಕೆಂಪು ಮಣ್ಣು ಕೂತಿತ್ತು. ಕೆರೆ ಅಂಗಳದ ಮಣ್ಣು ತೊಳೆದು ತೆಗೆದ ಫಿಲ್ಟರ್ ಮರಳು! ಬಾಟಲಿ ತೋರಿಸಿದ ಮೇಲೆ ಆಸಾಮಿ ಫೋನ್ ಎತ್ತುವುದನ್ನೇ ಬಿಟ್ಟ. ಅಡ್ವಾನ್ಸ್ ಹೋಯಿತು. ಮರಳನ್ನು ಹಿತ್ತಿಲಿನ ತೆಂಗಿನ ಬುಡಕ್ಕೆ ಸುರಿದೆ.

ಮನೆ ಉಳಿದದ್ದು ಮಾತ್ರ ಅವನಿಂದ ಅಲ್ಲ, ರೇಷ್ಮೆ ಹುಳದಿಂದ. ನಡುಮನೆ ಗೋಡೆಯ ಆಚೆ ತಮ್ಮನ ಹುಳದ ಮನೆ ಇದೆ. ಹುಳಕ್ಕೆ ಪೇಂಟಿನ ವಾಸನೆ ಆಗುವುದಿಲ್ಲ, ಬೀಡಿ ಹೊಗೆಯೂ ಆಗುವುದಿಲ್ಲ. ನಾಲ್ಕನೇ ಜ್ವರ (ಪೊರೆ ಕಳಚುವ ನಿದ್ದೆ) ಎದ್ದ ಹುಳ ಸೊಪ್ಪು ತಿನ್ನುವಾಗ ಪಕ್ಕದಲ್ಲಿ ಮನೆ ಕೆಡವಿ ಧೂಳೆಬ್ಬಿಸಿದರೆ ಆ ಬೆಳೆ ತಿಪ್ಪೆಗೇ. "ಅಣ್ಣ, ಒಂದು ಬೆಳೆ ಬಿಡ್ತೀನಿ. ಎರಡು ಬಿಡಲ್ಲ. ಅಷ್ಟರಲ್ಲಿ ಏನ್ ಮಾಡ್ತೀಯೋ ಮಾಡ್ಕೋ" ಅಂದ. ಲೆಕ್ಕ ಹಾಕಿದರೆ ಎರಡು ತಿಂಗಳು ಸಿಕ್ಕಿತು. ಅಷ್ಟರಲ್ಲಿ ಹೊಸ ಮನೆ ಎಲ್ಲಿಂದ ಏಳುತ್ತದೆ?

ಆಗ ಸಿಕ್ಕಿದವನು ನಮ್ಮ ಮೇಸ್ತ್ರಿ. ಚಿಂತಾಮಣಿ ಕಡೆಯವನು, ನಾಲ್ವತ್ತೈದು ವರ್ಷ ಇರಬಹುದು. ನಮ್ಮ ಕಡೆಯವರ ಹಾಗೆ ವಾಕ್ಯ ಕನ್ನಡದಲ್ಲಿ ಶುರು ಮಾಡಿ ತೆಲುಗಿನಲ್ಲಿ ಮುಗಿಸುತ್ತಾನೆ. ಮೇಲೆ ಹತ್ತಿ ಹಾರೆಯ ತುದಿಯಿಂದ ಒಂದೊಂದೇ ಚಪ್ಪಡಿ ಕುಟ್ಟಿ, ಕಿವಿ ಕೊಟ್ಟು ಕೇಳಿದ. ಮುಕ್ಕಾಲು ಗಂಟೆ ಅದೇ ಕೆಲಸ. ಕೊನೆಗೆ ಬೀಡಿ ಹಚ್ಚಲು ಹೋಗಿ, ಹುಳದ ಮನೆ ನೆನಪಾಗಿ ಜೇಬಿಗೆ ಇಟ್ಟುಕೊಂಡು ಹೇಳಿದ: "ರಾಯಿ ಕಾರದು ಸಾಮಿ, ಸಂದು ಕಾರ್ತಾದಿ." ಕಲ್ಲು ಸೋರುವುದಿಲ್ಲ, ಸಂದು ಸೋರುತ್ತದೆ.

ಸಂದಿನಲ್ಲಿ ಇದ್ದದ್ದು ಸಿಮೆಂಟು. ನಮ್ಮಪ್ಪ 1998ರಲ್ಲಿ ತಾತನ ಕಾಲದ ಗಾರೆ ಕಿತ್ತು ಹಾಕಿಸಿದ್ದು. ಆಗ ಅದೇ ದೊಡ್ಡ ರಿಪೇರಿ, ಊರಿಗೆಲ್ಲ ತೋರಿಸಿದ್ದರು. ಕಲ್ಲು ಬಿಸಿಲಿಗೆ ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ. ಸಿಮೆಂಟು ಅದರ ಜೊತೆ ಬಗ್ಗುವುದಿಲ್ಲ, ಅಂಚಿನಲ್ಲಿ ಕೂದಲೆಳೆ ಬಿರುಕು ಬಿಡುತ್ತದೆ. ನೀರಿಗೆ ಅಷ್ಟು ಸಾಕು. ಸುಣ್ಣದ ಗಾರೆ ಸ್ವಲ್ಪ ಬಗ್ಗುತ್ತದೆ. ಸಣ್ಣ ಬಿರುಕು ಬಿಟ್ಟರೂ ಮಳೆ ನೀರಿನಲ್ಲಿ ಕರಗಿದ ಸುಣ್ಣ ಅಲ್ಲೇ ಮತ್ತೆ ಗಟ್ಟಿಯಾಗಿ ಬಿರುಕನ್ನು ಮುಚ್ಚಿಕೊಳ್ಳುತ್ತದೆ. ಎಂಜಿನಿಯರಿಗೆ ನಾನು ಇದನ್ನೆಲ್ಲ ಹೇಳುತ್ತಿದ್ದೇನೆ ನೋಡು! ಆದರೂ ಕೆಡವು ಅಂದದ್ದು ನೀನೇ ಅಲ್ವಾ?

ಸುಣ್ಣದಲ್ಲಿ ಮಾಡೋಣ ಅಂದರೆ ತಮ್ಮನೂ ಖುಷಿ. ಹುಳದ ತಟ್ಟೆಗೆ ಅವನು ಉದುರಿಸುವುದೂ ಅರಳಿದ ಸುಣ್ಣದ ಪುಡಿಯೇ.

ಒಂದೇ ತೊಂದರೆ. ಮೇಸ್ತ್ರಿಗೆ ರೋಗ ಗೊತ್ತು, ಔಷಧಿ ಅರ್ಧಂಬರ್ಧ ಗೊತ್ತು. ಹುಡುಗನಾಗಿದ್ದಾಗ ಒಂದೆರಡು ಕಡೆ ನೋಡಿದ್ದನಂತೆ, ಅಷ್ಟೇ. "ನಮ್ಮವ್ವನ್ನ ಕರ್ಕೊಂಡ್ ಬರ್ತೀನಿ" ಅಂದ. ನಾನು ತಮಾಷೆ ಅಂದುಕೊಂಡೆ. ಮಾರನೇ ದಿನ ಬೈಕಿನ ಹಿಂದೆ ಒಬ್ಬ ಅಜ್ಜಿ ಕೂತು ಬಂತು. ಎಪ್ಪತ್ತು ದಾಟಿದೆ. ಹದಿನಾಲ್ಕನೇ ವಯಸ್ಸಿಗೇ ತಾರಸಿ ಬಡಿಯುವ ಕೆಲಸಕ್ಕೆ ಹೋದವಳು. ಬಂದವಳೇ ನನ್ನ ಸುಣ್ಣದ ಚೀಲ ಬಿಚ್ಚಿ, ಚಿಟಿಕೆ ಬಾಯಿಗೆ ಹಾಕಿ ಉಗಿದು, "ಇದು ಗೋಡೆಗೆ ಬಳಿಯೋ ಸುಣ್ಣ. ಕಲ್ಲು ಸುಣ್ಣ ತತ್ತಾ" ಅಂದಳು.

ಸುಟ್ಟ ಸುಣ್ಣದ ಕಲ್ಲು ತಂದು ಗುಂಡಿಗೆ ಹಾಕಿ ನೀರು ಬಿಟ್ಟೆವು. ಕೊತಕೊತ ಕುದಿಯಿತು, ಹಬೆ ಎದ್ದಿತು, ನಮ್ಮ ನಾಯಿ ಎರಡು ದಿನ ಹಿತ್ತಿಲ ಕಡೆ ಬರಲಿಲ್ಲ. ಹತ್ತು ದಿನ ಗೋಣಿ ಮುಚ್ಚಿ ಅರಳಲು ಬಿಡಬೇಕು. ನನಗೋ ಅವಸರ. ಐದನೇ ದಿನವೇ ತೆಗೆಯೋಣ ಅಂದೆ. ಒಳಗೆ ಅರಳದ ಕಾಳು ಉಳಿದರೆ ಮೇಲೆ ಹಾಕಿದ ಮೇಲೆ ಅರಳುತ್ತದೆ, ಗಾರೆಯೆಲ್ಲ ಹುರುಕು ಎದ್ದ ಹಾಗೆ ಎದ್ದು ಬರುತ್ತದೆ ಅಂತ ಅಜ್ಜಿ ಬೈದಳು. ಅಷ್ಟು ದಿನ ಚಿಂತಾಮಣಿಯ ಗ್ರಂದಿಗೆ ಅಂಗಡಿಯಿಂದ ತಂದ ಅಳಲೆಕಾಯಿ ಕುಟ್ಟಿ, ಬೆಲ್ಲದ ಜೊತೆ ಡ್ರಮ್ಮಿನಲ್ಲಿ ನೆನೆಹಾಕಿದ್ದೆವು. ವಾಸನೆ ಕೇಳಬೇಡ. ಹಿಂದೆಲ್ಲ ಎತ್ತು ಕಟ್ಟಿ ಗಾಣದಲ್ಲಿ ಗಾರೆ ಅರೆಯುತ್ತಿದ್ದರು. ನಮ್ಮೂರಿನ ಗಾಣದ ಕಲ್ಲು ಈಗ ಬಸ್ ಸ್ಟಾಪಿನಲ್ಲಿ ಕೂರುವ ಕಟ್ಟೆ. ಮೇಸ್ತ್ರಿ ಕಾಂಕ್ರೀಟ್ ಮಿಕ್ಸರಿಗೆ ನಾಲ್ಕು ಗುಂಡುಕಲ್ಲು ಹಾಕಿ ತಿರುಗಿಸಿದ. ಅಜ್ಜಿ ಗಾರೆಯನ್ನು ಬೆರಳಲ್ಲಿ ಉಜ್ಜಿ ನೋಡಿ, ಮೂರು ಸಲ "ಇನ್ನೊಸಿ" ಅಂತ ವಾಪಸ್ ಕಳಿಸಿದಳು. ನಾಲ್ಕನೇ ಸಲ ಏನೂ ಹೇಳಲಿಲ್ಲ. ಅದೇ ಒಪ್ಪಿಗೆ.

ಸಂದು ತುಂಬಿ, ಮೇಲೆ ಇಟ್ಟಿಗೆ ಜಲ್ಲಿ ಮತ್ತು ಗಾರೆ ಹರಡಿ, ಆರು ಜನ ಹೆಂಗಸರು ಸಾಲಾಗಿ ಕುಕ್ಕರಗಾಲಲ್ಲಿ ಕೂತು ಮರದ ಬಡಿಗೆಯಿಂದ ಬಡಿಯಲು ಶುರು ಮಾಡಿದರು. ಐದು ದಿನ ಬಡಿದರು ಕಣೋ. ಬಡಿಯುವುದು, ಬೆಲ್ಲದ ನೀರು ಚಿಮುಕಿಸುವುದು, ಒಂದು ಗೇಣು ಹಿಂದೆ ಸರಿಯುವುದು. ಮೊದಲ ದಿನ ದೊಬ್ ದೊಬ್ ಅನ್ನುತ್ತಿತ್ತು. ಬರಬರುತ್ತಾ ಶಬ್ದ ತೆಳ್ಳಗಾಯಿತು. ಐದನೇ ದಿನ ಬಡಿಗೆ ಬಿದ್ದರೆ ಟಣ್ ಅಂತ ಹಿಂದಕ್ಕೆ ಪುಟಿಯುತ್ತಿತ್ತು. ಹಾಗೆ ಪುಟಿದರೆ ನಿಲ್ಲಿಸಬೇಕು. ಅಜ್ಜಿ ಕೆಳಗೆ ಜಗಲಿಯಲ್ಲಿ ಕೂತು, ಶಬ್ದ ಕೇಳಿಯೇ "ಮೂಲೇಲಿ ಯಾರೋ ಕಳ್ಳತನ ಮಾಡ್ತಾವ್ಳೆ" ಅಂತ ಕೂಗುತ್ತಿದ್ದಳು. ಹೋಗಿ ನೋಡಿದರೆ ನಿಜ, ಮೂಲೆಯಲ್ಲಿ ಮೆತ್ತಗಿತ್ತು.

ಈಗ ಸಂಬಳದ ವಿಷಯ. ವಾರದ ಬಟವಾಡೆ ದಿನ ಮೇಸ್ತ್ರಿ ಚೀಟಿ ಕೊಟ್ಟ. ಗಾರೆಯವರಿಗೆ ದಿನಕ್ಕೆ 1000, ಗಂಡಾಳಿಗೆ 800, ಹೆಣ್ಣಾಳಿಗೆ 600. ಗಂಡಾಳು ಇಬ್ಬರು ಆ ವಾರ ಮಾಡಿದ್ದು ಕೆಳಗಿನಿಂದ ಬಾಂಡ್ಲಿ ಎತ್ತಿಕೊಟ್ಟಿದ್ದು. ಬಡಿದವರು ಹೆಂಗಸರು. ಸಮಾನ ವೇತನದ ಕಾನೂನು ಬಂದದ್ದು 1976ರಲ್ಲಿ, ನಾವಿಬ್ಬರೂ ಹುಟ್ಟುವ ಮುಂಚೆ. ಹೆಂಗಸರಿಗೂ 800 ಕೊಡುತ್ತೇನೆ ಅಂದೆ. ಮೇಸ್ತ್ರಿ ಮುಖ ಸಣ್ಣದು ಮಾಡಿಕೊಂಡು, "ಕೊಡಿ ಸಾಮಿ, ಆದ್ರೆ ರೇಟು ಕೆಡ್ಸಿದ್ರಿ ಅಂತ ನನ್ನನ್ನ ಬೈತಾರೆ" ಅಂದ. ಹಾಗೇ ಆಯಿತು. ಕಾಂಪೌಂಡ್ ಕಟ್ಟಿಸುತ್ತಿದ್ದ ಪಕ್ಕದ ಬೀದಿಯವರು ಸೋಮವಾರವೇ ಬಂದು ಜಗಳ ಆಡಿದರು. ನಾನೇನೂ ದೊಡ್ಡ ಧರ್ಮರಾಯ ಅಲ್ಲ. ಆ ಐದು ದಿನ ಬಿಟ್ಟು ಉಳಿದ ದಿನಗಳಿಗೆ 600ನ್ನೇ ಕೊಟ್ಟೆ. ದುಡ್ಡು ಮುಗಿಯುತ್ತಾ ಬಂದಿತ್ತು.

ಲೇಬರ್ ಕಾರ್ಡ್ ಇದೆಯಾ ಅಂತ ಅಜ್ಜಿಯನ್ನು ಕೇಳಿದೆ. ಇಲ್ಲ. ಕಟ್ಟಡ ಕಾರ್ಮಿಕರ ಆ ಕಾರ್ಡ್ ಬೇಕಾದರೆ ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿರಬೇಕು, ವಯಸ್ಸು 18ರಿಂದ 60ರ ಒಳಗಿರಬೇಕು. ಮೊದಲನೆಯದನ್ನು ಅಜ್ಜಿ ಐವತ್ತು ವರ್ಷ ಪೂರೈಸಿದ್ದಾಳೆ. ಎರಡನೆಯದು ದಾಟಿ ಹೋಗಿದೆ. ಬಡಿದ ಆರು ಜನರಲ್ಲಿ ಇಬ್ಬರಿಗೆ ಮಾತ್ರ ಕಾರ್ಡ್ ಇದೆ. ನಮ್ಮ ಬೀದಿಯಲ್ಲಿ ಒಂದು ದಿನವೂ ಬಾಂಡ್ಲಿ ಮುಟ್ಟದ ಅಂಗಡಿಯವರ ಹತ್ತಿರ ಒಂದು ಕಾರ್ಡ್ ಇದೆ, ಅವರ ಹೆಂಡತಿಯ ಹತ್ತಿರ ಇನ್ನೊಂದಿದೆ. ಉಳಿದ ನಾಲ್ವರಿಗೆ ಅರ್ಜಿ ಹಾಕಿಸಿದ್ದೇನೆ. ನಮ್ಮ ಮನೆಯಲ್ಲಿ ಮಾಡಿದ ದಿನಗಳಿಗೆ ಸಹಿ ಹಾಕಿಕೊಟ್ಟೆ.

ಇನ್ನೊಂದು ಹೇಳಬೇಕು. ಒಂದು ಚಪ್ಪಡಿ ಸೀಳಿತ್ತು, ಬದಲಿಸಲೇಬೇಕಿತ್ತು. ಏಳು ಅಡಿ ಉದ್ದ, ಒಂದೂವರೆ ಅಡಿ ಅಗಲ, ನಾಲ್ಕಿಂಚು ದಪ್ಪ. ಕಾಲು ಟನ್ನಿಗಿಂತ ಜಾಸ್ತಿ ತೂಕ. ಹಿಂದೆ ಬಂಡೆಯ ಮೇಲೆ ಸೌದೆ ಉರಿಸಿ ಪದರ ಎಬ್ಬಿಸಿ, ಸಾಲಾಗಿ ತೂತು ಕೊರೆದು, ಬೆಣೆ ಹೊಡೆದು ಸೀಳುತ್ತಿದ್ದರು. ಈಗ ನಮ್ಮ ಸುತ್ತಮುತ್ತ ಬಂಡೆ ಅಂದರೆ ಜಲ್ಲಿ, ಎಂ ಸ್ಯಾಂಡ್. ಹೊಸ ಬಚ್ಚಲುಮನೆಯ ಮೋಲ್ಡಿಗೆ (ಕಾಂಕ್ರೀಟ್ ಸೂರಿಗೆ) ಬೇಕಾದ ಜಲ್ಲಿಗೆ ನಾನೂ ಪೆರೇಸಂದ್ರ ಕಡೆಯ ಕ್ರಷರಿಗೇ ಹೋಗಿದ್ದೆ. ಅಲ್ಲೇ ಹತ್ತಿರದ ಹಿರೇನಾಗವಲ್ಲಿಯಲ್ಲಿ 2021ರ ಫೆಬ್ರವರಿಯಲ್ಲಿ ಬಂಡೆ ಸಿಡಿಸುವ ಜಿಲೆಟಿನ್ ಸಿಡಿದು ಆರು ಜನ ಸತ್ತರಲ್ಲ. ಲಾರಿ ಆ ದಾರಿಯಲ್ಲಿ ಬರುವಾಗ ಮೇಸ್ತ್ರಿ ಮಾತೇ ಆಡಲಿಲ್ಲ. ಊರು ದಾಟಿದ ಮೇಲೆ "ಸುತ್ತಿಗೆ ಕಾಲ್ದಲ್ಲಿ ಕೈ ಹೋಗ್ತಿತ್ತು ಸಾಮಿ, ಕಣ್ಣು ಹೋಗ್ತಿತ್ತು" ಅಂದ, ಅಷ್ಟೇ.

ಚಪ್ಪಡಿ ಸಿಕ್ಕಿದ್ದು ಪಕ್ಕದ ಊರಿನಲ್ಲಿ, ಕೆಡವಿದ ಮನೆಯಿಂದ. ಮಾಲೀಕರು ಒಳ್ಳೆ ಚಪ್ಪಡಿಗಳನ್ನೆಲ್ಲ ಚರಂಡಿ ಮುಚ್ಚಲು ಮಾರುತ್ತಿದ್ದರು. ಒಂದು ತಂದೆವು. ಎಂಟು ಜನ ಹಗ್ಗ ಹಾಕಿ, ಐಲೇಸಾ ಅಂತ ಎತ್ತಿ ಕೂರಿಸಿದರು. ಒಳಗೆ ಬಂದು ತಲೆ ಎತ್ತಿದರೆ ಅದರ ತಳವೆಲ್ಲ ಕರ್ರಗೆ ಮಿರಮಿರ ಹೊಳೆಯುತ್ತಿದೆ. ಯಾರದೋ ಅಡುಗೆಮನೆಯ ಒಲೆ ಮೇಲಿದ್ದ ಕಲ್ಲು. ಕೆರೆದು ಬಿಳಿ ಬಳಿಸೋಣ ಅಂದೆ. ಅಮ್ಮ ಬೇಡ ಅಂದಳು. ಆ ಮನೆ ಅಮ್ಮನಿಗೆ ಗೊತ್ತಂತೆ. ಮದುವೆಯಾಗಿ ಬಂದ ಹೊಸದರಲ್ಲಿ ಜಾತ್ರೆಗೆ ಹೋದಾಗ ಅಲ್ಲಿ ಮುದ್ದೆ, ಉಪ್ಪುಸಾರು ಉಂಡಿದ್ದಳಂತೆ.

ಉಳಿದದ್ದು ಬೇಗ ಹೇಳಿ ಮುಗಿಸುತ್ತೇನೆ. ಎಲೆಕ್ಟ್ರಿಷಿಯನ್ ಕಲ್ಲು ಗೋಡೆಗೆ ಕಟ್ಟರ್ ಹಿಡಿದು, ಎರಡು ಬ್ಲೇಡ್ ಸವೆಸಿ, ಮೇಲೇ ಕೇಸಿಂಗ್ ಪಟ್ಟಿ ಹೊಡೆದು ಹೋದ. ಟೈಲ್ಸ್ ಹಾಕಲು ಬಂದ ಬಿಹಾರದ ಹುಡುಗರಿಗೆ ಅಜ್ಜಿ ತೆಲುಗಿನಲ್ಲಿ ಬೈದಳು, ಅವರು ಹಿಂದಿಯಲ್ಲಿ ನಕ್ಕರು, ಬಚ್ಚಲ ಇಳಿಜಾರು ಸರಿಯಾಯಿತು. ಬಚ್ಚಲಿನ ಮೋಲ್ಡ್ ಮಾತ್ರ ನನ್ನ ತಪ್ಪು. ಪಾತಿ ಕಟ್ಟಿ ನೀರು ನಿಲ್ಲಿಸು, ಹತ್ತು ದಿನ ಒಣಗಲು ಬಿಡಬೇಡ ಅಂತ ನೀನು ಹೇಳಿದ್ದೆ. ಮೂರನೇ ದಿನ ಕೋಲಾರದಲ್ಲಿ ಮದುವೆ ಅಂತ ಎಲ್ಲರೂ ಹೋದೆವು. ಟ್ಯಾಂಕರಿನವನು ಬರಲಿಲ್ಲ. ವಾಪಸ್ ಬಂದಾಗ ಪಾತಿ ಒಣಗಿ, ಮೋಲ್ಡ್ ಮೇಲೆ ಜೇಡರ ಬಲೆಯ ಹಾಗೆ ಬಿರುಕು.

ಮೊನ್ನೆ ರಾತ್ರಿ ಒಳ್ಳೆ ಮಳೆ ಬಂತು. ನಡುಮನೆಯಲ್ಲಿ ಒಂದು ತೊಟ್ಟೂ ಇಲ್ಲ. ಅಮ್ಮ ಅಭ್ಯಾಸಕ್ಕೆ ಪಾತ್ರೆ ಇಟ್ಟು ಮಲಗಿದ್ದಳು, ಬೆಳಿಗ್ಗೆ ಎತ್ತಿ ನೋಡಿದರೆ ಒಣಗಿತ್ತು. ಸೋರಿದ್ದು ಹೊಸ ಬಚ್ಚಲಿನಲ್ಲಿ. ಮೇಸ್ತ್ರಿಗೆ ಫೋನ್ ಮಾಡಿದೆ. ಭಾನುವಾರ ಬರುತ್ತಾನಂತೆ, ಅಜ್ಜಿಯೂ ಬರುತ್ತಾಳಂತೆ. ನಾಡಿದ್ದು ತಮ್ಮ ಚಾಕಿ ಹುಳ (ರೇಷ್ಮೆಯ ಮರಿ ಹುಳ) ತರುತ್ತಾನೆ. ಹಬ್ಬಕ್ಕೆ ಬಂದಾಗ ಮೇಲೆ ಹತ್ತಿ ನೋಡು, ಆದರೆ ಸಿಗರೇಟು ಗಾಡಿಯಲ್ಲೇ ಬಿಟ್ಟು ಬಾ.

ನಿನ್ನ ಗೆಳೆಯ