ರಿಮಾಸ್ಟರ್ ಬಗ್ಗೆ ಬರೆಯುವ ಮುನ್ನ ಸದ್ದು ಸಮ ಮಾಡಿ

ಮಾನ್ಯ ಸಂಪಾದಕರೇ,

ಹಳೆಯ ಆಲ್ಬಂ ಒಂದರ ರಿಮಾಸ್ಟರ್ (ಬೆರೆಸಿ ಮುಗಿಸಿದ ಮುದ್ರಣದ ಸದ್ದನ್ನು ಮತ್ತೆ ಹದಗೊಳಿಸಿದ ಆವೃತ್ತಿ) ಬಂದರೆ ಸಾಕು, ಪುರವಣಿಗಳಲ್ಲಿ ‘ಹೊಸ ಜೀವ ಬಂದಿದೆ’ ಎಂಬ ಮಾತು ಕಾಣುತ್ತದೆ. ಗಿಟಾರಿನ ಅಬ್ಬರಕ್ಕೆ ಆರ್ಕೆಸ್ಟ್ರಾ ಬೆರೆಸುವ ಸಿಂಫೋನಿಕ್ ಮೆಟಲ್ ವಿಷಯದಲ್ಲಂತೂ ಇದನ್ನು ಪರೀಕ್ಷಿಸದೆ ಬರೆಯಬಾರದು. ಎರಡು ಆವೃತ್ತಿಗಳ ನಡುವೆ ಒಂದು ಡೆಸಿಬಲ್ ವ್ಯತ್ಯಾಸವಿದ್ದರೂ ಜೋರಾಗಿರುವುದೇ ಕಿವಿಗೆ ಚೆನ್ನಾಗಿದೆ ಅನ್ನಿಸುತ್ತದೆ.

ಫಿನ್‌ಲೆಂಡಿನ ನೈಟ್‌ವಿಶ್ ತಂಡದ ‘ಒನ್ಸ್’ 2004ರ ಆಲ್ಬಂ, ಅದರ ರಿಮಾಸ್ಟರ್ 2021ರದ್ದು. ಸಿ.ಡಿ.ಗಳನ್ನು ಪೈಪೋಟಿಗೆ ಬಿದ್ದು ಜೋರು ಮಾಡುತ್ತಿದ್ದ ಕಾಲದ ಆಲ್ಬಂ ಅದು. ಲಿಮಿಟರ್ ಹಾಕಿ ಶಿಖರಗಳನ್ನು, ಅಂದರೆ ಸದ್ದು ಅತಿ ಎತ್ತರಕ್ಕೇರುವ ಕ್ಷಣಗಳನ್ನು ಒತ್ತಿ, ಒಟ್ಟು ಮಟ್ಟವನ್ನು ಮೇಲೆತ್ತುವುದು ಆಗಿನ ರೂಢಿ. ಇದರ ಪೆಟ್ಟು ಮೊದಲು ಬೀಳುವುದು ಡ್ರಮ್ಮಿನ ಏಟಿಗೆ, ಆಮೇಲೆ ವಾದ್ಯವೃಂದದ ಏರಿಳಿತಕ್ಕೆ. ‘ಘೋಸ್ಟ್ ಲವ್ ಸ್ಕೋರ್’ ಹತ್ತು ನಿಮಿಷದ ಹಾಡು. ಅದರ ನಡುವೆ ಗಾಯನ ನಿಂತು ಆರ್ಕೆಸ್ಟ್ರಾ ನಿಧಾನಕ್ಕೆ ಕಟ್ಟಿಕೊಳ್ಳುವ ಭಾಗ ಮತ್ತು ಎಲ್ಲ ವಾದ್ಯಗಳೂ ಒಟ್ಟಿಗೆ ಬೀಳುವ ಭಾಗ ಇವೆ. ಎರಡರ ನಡುವೆ ಸದ್ದಿನ ಅಂತರ ಎಷ್ಟು ಉಳಿದಿದೆ ಎಂಬುದೇ ಇಲ್ಲಿನ ನಿಜವಾದ ಪರೀಕ್ಷೆ.

ಪರೀಕ್ಷೆ ಮನೆಯಲ್ಲೇ ಆಗುತ್ತದೆ. ಉಚಿತವಾಗಿ ಸಿಗುವ ಆಡಾಸಿಟಿ ಎಂಬ ಧ್ವನಿ ತಂತ್ರಾಂಶದಲ್ಲಿ ಎರಡೂ ಆವೃತ್ತಿಗಳ ಅದೇ ಹಾಡನ್ನು ತೆರೆಯಿರಿ. ಲೌಡ್‌ನೆಸ್ ನಾರ್ಮಲೈಸೇಶನ್‌ನಲ್ಲಿ ಎರಡಕ್ಕೂ ಮೈನಸ್ 20 ಎಲ್‌ಯುಎಫ್‌ಎಸ್ (ಕಿವಿಗೆ ಕೇಳುವ ಸರಾಸರಿ ಜೋರಿನ ಅಳತೆ) ಕೊಡಿ. ಮೈನಸ್ 14 ಕೊಟ್ಟರೆ ಏರಿಳಿತ ಹೆಚ್ಚಿರುವ ಆವೃತ್ತಿಯ ಶಿಖರಗಳೇ ಕತ್ತರಿಸಿ ಹೋಗಬಹುದು. ಎರಡನ್ನೂ ಒಂದೇ ಆರಂಭಕ್ಕೆ ಹೊಂದಿಸಿ, ಹತ್ತು ಹದಿನೈದು ಸೆಕೆಂಡಿಗೊಮ್ಮೆ ಬದಲಿಸುತ್ತಾ ಕೇಳಿ. ಅಲೆಯ ಚಿತ್ರವನ್ನು ಹಿಗ್ಗಿಸಿದಾಗ ಶಿಖರಗಳು ಚಪ್ಪಟೆಯಾಗಿ ಕಂಡರೆ ಕ್ಲಿಪ್ಪಿಂಗ್, ಅಂದರೆ ಶಿಖರಗಳ ತುದಿ ಕತ್ತರಿಸಿ ಹೋಗಿರುವ ಸಂಭವ ಹೆಚ್ಚು. ಹಾಗೆ ಕಳೆದುಹೋದದ್ದನ್ನು ಹೆಚ್ಚು ನಿಖರ ಮುದ್ರಣವೆಂದು ಸಾರುವ 24 ಬಿಟ್ ಎಂಬ ಚೀಟಿ ಮರಳಿ ತರುವುದಿಲ್ಲ. ಇಯರ್‌ಫೋನ್ ವೈರಿನದೇ ಇರಲಿ, ಬ್ಲೂಟೂತ್ ಧ್ವನಿಯ ದತ್ತಾಂಶವನ್ನು ಕಳಿಸುವಾಗ ಮತ್ತೊಮ್ಮೆ ಕುಗ್ಗಿಸುತ್ತದೆ. ಏಪ್ರಿಲ್, ಮೇ ತಿಂಗಳ ರಾಯಚೂರಿನಲ್ಲಿ ಫ್ಯಾನು, ಕೂಲರ್ ಆರಿಸಿ ಕೂರುವುದು ಕಷ್ಟವೇ, ಆದರೆ ಅವುಗಳ ಸದ್ದಿನಲ್ಲಿ ಮೆಲ್ಲನೆಯ ವಯೊಲಿನ್ ಮುಳುಗಿ, ಒತ್ತಿದ ಆವೃತ್ತಿಯೇ ವಾಸಿ ಅನ್ನಿಸಿಬಿಡುತ್ತದೆ. ಬೆಳಗಿನ ಜಾವ ಕೇಳುವುದು ಮೇಲು.

ಸ್ಟ್ರೀಮಿಂಗ್‌ನಲ್ಲಿ ಮಾತ್ರ ಕೇಳಿ ಬರೆಯುವವರಿಗೂ ಒಂದು ಎಚ್ಚರಿಕೆ. ಸ್ಪಾಟಿಫೈ ಸಾಮಾನ್ಯವಾಗಿ ಮೈನಸ್ 14ಕ್ಕೆ ಹೊಂದಿಸುತ್ತದೆ. ಮೈನಸ್ 8ರಲ್ಲಿ ಮಾಸ್ಟರ್ ಮಾಡಿದ ಹಾಡನ್ನು 6 ಡೆಸಿಬಲ್ ಇಳಿಸುತ್ತದೆ. ಗಳಿಸಿದ ಜೋರು ಹೋಗುತ್ತದೆ, ಒತ್ತಿದ ಗಾಯ ಮಾತ್ರ ಹಾಗೇ ಉಳಿಯುತ್ತದೆ.

ರಿಮಾಸ್ಟರನ್ನೂ ರಿಮಿಕ್ಸನ್ನೂ ಒಂದೇ ಎಂದು ಬರೆಯುವುದು ಇನ್ನೊಂದು ತಪ್ಪು. ಡಿಸ್ಟಾರ್ಷನ್ ಇರುವ, ಅಂದರೆ ದನಿಯನ್ನು ಬೇಕೆಂದೇ ಒರಟಾಗಿಸಿದ ಗಿಟಾರ್ ಸುಮಾರು 100 ಹರ್ಟ್ಜ್‌ನಿಂದ 5 ಸಾವಿರ ಹರ್ಟ್ಜ್‌ವರೆಗೆ ಹರಡಿಕೊಳ್ಳುತ್ತದೆ. ಚೆಲ್ಲೊ, ವಯೊಲಾ, ಕೋರಸ್ಸಿನ ದನಿ ಎಲ್ಲ ಇರುವುದೂ ಅಲ್ಲೇ. ಹಾಗಾಗಿ ಚೆಲ್ಲೊ ಹೂತುಹೋಗಿದ್ದರೆ ರಿಮಾಸ್ಟರ್ ಮಾಡುವವರು ಮಾಡಬಹುದಾದ್ದು ಅಲ್ಪ. ಅವರ ಕೈಯಲ್ಲಿರುವುದು ಬೆರೆಸಿ ಮುಗಿಸಿದ ಎಡ, ಬಲ ಎರಡೇ ಚಾನೆಲ್. ವಯೊಲಿನ್ ಹೊಳೆಯಲೆಂದು 3 ಸಾವಿರ ಹರ್ಟ್ಜ್ ಸುತ್ತ ಏರಿಸಿದರೆ ಗಿಟಾರಿನ ಕೆರೆತವೂ ಏರುತ್ತದೆ. ಬಿಡಿಬಿಡಿ ಟ್ರ್ಯಾಕ್‌ಗಳಿಂದ ಮತ್ತೆ ಬೆರೆಸಿದರೆ, ಅಂದರೆ ರಿಮಿಕ್ಸ್ ಮಾಡಿದರೆ ಮಾತ್ರ ಚೆಲ್ಲೊ ಹೊರಬಂದೀತು. ಆದ್ದರಿಂದ ಆಲ್ಬಂ ಪರಿಚಯದ ಕೆಳಗೆ ಯಾವ ವರ್ಷದ ಆವೃತ್ತಿ, ರಿಮಾಸ್ಟರೋ ರಿಮಿಕ್ಸೋ, ಕೇಳಿದ್ದು ಸಿ.ಡಿ.ಯೋ ಸ್ಟ್ರೀಮಿಂಗೋ ಎಂಬುದನ್ನು ದಯವಿಟ್ಟು ಅಚ್ಚು ಹಾಕಿಸಿ.

ಈ ಎಚ್ಚರ ಮೆಟಲ್ ಕೇಳುವವರಿಗಷ್ಟೇ ಅಲ್ಲ. ನಮ್ಮ ಭಾಗದ ಸಿದ್ಧರಾಮ ಜಂಬಲದಿನ್ನಿ ಅವರ ವಚನ ಗಾಯನದ ಹಳೆಯ ಕ್ಯಾಸೆಟ್ ಇಟ್ಟುಕೊಂಡವರು ಅದನ್ನು ಕಂಪ್ಯೂಟರಿಗೆ ಇಳಿಸುವಾಗ ಟೇಪಿನ ‘ಸ್ಸ್’ ಎನ್ನುವ ಹಿಸ್ ಶಬ್ದವನ್ನು ಪೂರ್ತಿ ಒರೆಸಲು ಹೋಗಬಾರದು. ಅದರ ಜೊತೆ ತಂಬೂರಿಯ ಮೇಲಿನ ಸ್ತರದ ನಾದವೂ ಹೋಗುತ್ತದೆ. ಮೊದಲು ಪ್ಲೇಯರಿನಲ್ಲಿ ಟೇಪನ್ನು ಓದುವ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ. ಅದರ ಪಕ್ಕದ ಪುಟ್ಟ ಸ್ಕ್ರೂವನ್ನು ಸದ್ದು ಅತಿ ನಿಚ್ಚಳವಾಗಿ ಕೇಳುವವರೆಗೆ ಕೂದಲೆಳೆಯಷ್ಟು ತಿರುಗಿಸಿ. ಆಮೇಲೆ 24 ಬಿಟ್‌ನಲ್ಲಿ, ಶಿಖರ ಮೈನಸ್ 6 ಡೆಸಿಬಲ್ ದಾಟದಂತೆ ಮುದ್ರಿಸಿಕೊಳ್ಳಿ. ಆ ಕಡತವನ್ನು ಮುಟ್ಟದೆ ಇಟ್ಟು, ಶುದ್ಧೀಕರಣವೇನಿದ್ದರೂ ಅದರ ನಕಲಿನ ಮೇಲೆ ಮಾಡಿ.

– ಧ್ವನಿಮುದ್ರಣ ಬಲ್ಲ ಓದುಗರು, ರಾಯಚೂರು