ಹನಿ ಹಾಕುವ ಮೊದಲು ಕಣ್ಣು ನೋಡಲು ಒಂದು ಕಾಗದದ ಪಟ್ಟಿ ಕೊಡಿಸಿ: ಆರೋಗ್ಯ ಮತ್ತು ಪಶುಸಂಗೋಪನಾ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಾನು ದನದ ಡಾಕ್ಟರ್. ನಿಮ್ಮಿಬ್ಬರಿಗೂ ಸೇರಿಸಿ ಒಂದೇ ಪತ್ರ ಬರೆಯುತ್ತಿದ್ದೇನೆ. ಯಾಕೆಂದರೆ ಕಣ್ಣಿನ ಔಷಧ ಇಲಾಖೆ ನೋಡಿಕೊಂಡು ಓಡಾಡುವುದಿಲ್ಲ. ಮಗುವಿಗೆ ತಂದು ಉಳಿದ ಹನಿ ಕರುವಿನ ಕಣ್ಣಿಗೆ ಬೀಳುತ್ತದೆ. ಹಸುವಿಗೆಂದು ಕೊಟ್ಟ ಮುಲಾಮನ್ನು ಯಜಮಾನರೇ ಹಚ್ಚಿಕೊಂಡು ಬಂದು, "ಎಲ್ಲಾ ಒಂದೇ ಔಷಧ ಅಲ್ವಾ ಡಾಕ್ಟ್ರೇ?" ಅನ್ನುತ್ತಾರೆ.

ಔಷಧ ಎಷ್ಟೋ ಸಲ ಒಂದೇ, ನಿಜ. ಟೆಟ್ರಾಸೈಕ್ಲಿನ್ ಗುಂಪಿನ ಆಂಟಿಬಯೋಟಿಕ್ ಅನ್ನು ಮನುಷ್ಯರ ಡಾಕ್ಟರೂ ಬರೆಯುತ್ತಾರೆ, ನಾವೂ ಬರೆಯುತ್ತೇವೆ. ಆದರೆ ರೋಗ ಬೇರೆ. ದನಗಳ ಕೆಂಗಣ್ಣಿಗೆ ಮುಖ್ಯ ಕಾರಣ ಮೊರಾಕ್ಸೆಲ್ಲಾ ಬೋವಿಸ್ ಎಂಬ ಬ್ಯಾಕ್ಟೀರಿಯಾ. ಮುಖಕ್ಕೆ ಮುತ್ತುವ ನೊಣ ಅದನ್ನು ಹೊತ್ತು ತಿರುಗುತ್ತದೆ. ಬಿಸಿಲು, ಧೂಳು, ಒರಟು ಹುಲ್ಲು ಕಣ್ಣನ್ನು ಮೊದಲೇ ನೋಯಿಸಿದ್ದರೆ ಅದಕ್ಕೆ ಇನ್ನೂ ಸಲೀಸು. ಮನುಷ್ಯರಿಗೆ ಟ್ರಕೋಮಾ ಎಂಬ ಕಣ್ಣಿನ ಸೋಂಕು ತರುವುದು ಕ್ಲಮೈಡಿಯಾ ಟ್ರಕೊಮ್ಯಾಟಿಸ್ ಎಂಬ ಬೇರೆ ಬ್ಯಾಕ್ಟೀರಿಯಾ. ಅಲ್ಲೂ ನೊಣ ಇದೆ, ಜೊತೆಗೆ ಕೈ, ಟವೆಲ್ಲು. ಅದು ಮತ್ತೆ ಮತ್ತೆ ಬಂದರೆ ರೆಪ್ಪೆ ಒಳಗೆ ಮಡಚಿಕೊಂಡು, ಅದರ ಕೂದಲೇ ಕಣ್ಣುಗುಡ್ಡೆಯನ್ನು ಉಜ್ಜಿ ಉಜ್ಜಿ ಕುರುಡು ಮಾಡುತ್ತದೆ. ಬೆಕ್ಕಿನ ಕ್ಲಮೈಡಿಯಾ ಅಪರೂಪಕ್ಕೆ ಸಾಕಿದವರಿಗೂ ಅಂಟುವುದುಂಟು. ಇನ್ನು ಜನರಿಗೆ ಬರುವ ಕೆಂಗಣ್ಣಿನಲ್ಲಿ ಜಾಸ್ತಿ ಪಾಲು ವೈರಸ್‌ನದು. ಅದಕ್ಕೆ ಆಂಟಿಬಯೋಟಿಕ್ ಸುಮ್ನೆ ದಂಡ.

ನನ್ನ ತಕರಾರು ಅದಕ್ಕಿಂತ ಸ್ಟೀರಾಯ್ಡ್, ಅಂದರೆ ಉರಿಯೂತ ತಗ್ಗಿಸುವ ಔಷಧ, ಬೆರೆಸಿದ ಹನಿಯ ಮೇಲೆ. ಹಾಕಿದ ಮರುದಿನ ಕೆಂಪು ಇಳಿಯುತ್ತದೆ, ನೋವು ಕಡಿಮೆ ಆಗುತ್ತದೆ, ಎಲ್ಲರಿಗೂ ಖುಷಿ. ಆದರೆ ಕರಿಗುಡ್ಡೆಯ ಮೇಲೆ ಹುಣ್ಣಾಗಿದ್ದರೆ? ಸೋಂಕಿನ ಜೊತೆ ಹೋರಾಡುವ ದೇಹದ ಶಕ್ತಿಯನ್ನು ಸ್ಟೀರಾಯ್ಡ್ ತಡೆಹಿಡಿಯುತ್ತದೆ, ಹುಣ್ಣು ಒಳಗೊಳಗೇ ಆಳವಾಗುತ್ತದೆ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರಿಗೆ ಅಂಟುವ ಸ್ಯೂಡೋಮೊನಾಸ್‌ನಂಥ ಬ್ಯಾಕ್ಟೀರಿಯಾ ಒಂದೆರಡು ದಿನದಲ್ಲೇ ಕಾರ್ನಿಯಾ, ಅಂದರೆ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪದರ, ತೂತು ಮಾಡಬಲ್ಲದು. ಕರುವಿನ ವಿಷಯದಲ್ಲೂ ಅಷ್ಟೆ. ಮೊದಲು ನೀರು ಸುರಿಯುತ್ತದೆ, ಬಿಸಿಲಿಗೆ ಕಣ್ಣು ಬಿಡುವುದಿಲ್ಲ. ಆಮೇಲೆ ಗುಡ್ಡೆಯ ನಡುವೆ ಸಣ್ಣ ಬಿಳಿ ಚುಕ್ಕೆ. "ಹುಲ್ಲು ಚುಚ್ಚಿರಬೇಕು" ಅಂತ ಬಿಟ್ಟರೆ ಅದೇ ದೊಡ್ಡದಾಗಿ ಕಣ್ಣು ಹೋಗುತ್ತದೆ.

ಹುಣ್ಣು ಇದೆಯೋ ಇಲ್ಲವೋ ಎಂದು ತಿಳಿಯಲು ದೊಡ್ಡ ಯಂತ್ರ ಬೇಕಿಲ್ಲ. ಫ್ಲೋರೆಸೀನ್ ಪಟ್ಟಿ ಅಂತ ಬರುತ್ತದೆ. ಬೆರಳುದ್ದದ ಕಾಗದ, ತುದಿಗೆ ಕಿತ್ತಳೆ ಬಣ್ಣ. ಒಂದು ಹನಿ ಸಲೈನ್‌ನಲ್ಲಿ ನೆನೆಸಿ ಕೆಳರೆಪ್ಪೆಯ ಒಳಗೆ ಮುಟ್ಟಿಸಿ, ರೆಪ್ಪೆ ಮಿಟುಕಿಸಿದ ಮೇಲೆ ಸಲೈನ್‌ನಿಂದ ತೊಳೆದು, ನೀಲಿ ಬೆಳಕು ಬಿಟ್ಟರೆ ಆಯಿತು. ಕಾರ್ನಿಯಾದ ಮೇಲ್ಪದರ ಕಿತ್ತ ಜಾಗ ಮಾತ್ರ ಹಸಿರಾಗಿ ಹೊಳೆಯುತ್ತದೆ. ಹಸುವಿಗೂ ಅದೇ ಪಟ್ಟಿ, ಮನುಷ್ಯರಿಗೂ ಅದೇ. ದಯವಿಟ್ಟು ಪಟ್ಟಿಯನ್ನೇ ಕೊಡಿಸಿ, ಬಾಟಲಿಯ ದ್ರಾವಣ ಬೇಡ. ತೆರೆದಿಟ್ಟ ದ್ರಾವಣದಲ್ಲಿ ಅದೇ ಸ್ಯೂಡೋಮೊನಾಸ್ ಆರಾಮಾಗಿ ಬೆಳೆಯುತ್ತದೆ. ಪಟ್ಟಿ ಬಳಕೆಗೆ ಬಂದದ್ದಕ್ಕೆ ಅದೂ ಒಂದು ಕಾರಣ. ಹಸಿರು ಕಾಣದಿದ್ದರೂ ಸ್ಟೀರಾಯ್ಡ್ ಕೊಡಬೇಕೋ ಬೇಡವೋ ಎನ್ನುವುದು ಡಾಕ್ಟರ ತೀರ್ಮಾನ, ಅಂಗಡಿಯವರದ್ದಲ್ಲ.

ಟ್ರಕೋಮಾಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ನಾಲ್ಕು ದಾರಿಗಳಲ್ಲಿ ಶಸ್ತ್ರಚಿಕಿತ್ಸೆ, ಆಂಟಿಬಯೋಟಿಕ್ ಎರಡೇ ವೈದ್ಯರ ಕೈಯವು. ಉಳಿದೆರಡು, ಮುಖ ತೊಳೆಯುವುದು ಮತ್ತು ಸುತ್ತಲಿನ ಸ್ವಚ್ಛತೆ. ಕೊಟ್ಟಿಗೆಯಲ್ಲೂ ನೊಣ ಹತೋಟಿಗೆ ಬರದೆ ನನ್ನ ಮುಲಾಮು ಎಷ್ಟು ದಿನ ತಡೆದೀತು?

ಹಾಗಾಗಿ ಕೇಳುವುದು ಇಷ್ಟು. ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಪ್ರತಿ ಪಶು ಆಸ್ಪತ್ರೆಗೂ ಈ ಪಟ್ಟಿ ಮತ್ತು ನೀಲಿ ಟಾರ್ಚು ಕೊಡಿಸಿ. ಚೀಟಿ ಇಲ್ಲದೆ ಸ್ಟೀರಾಯ್ಡ್ ಹನಿ ಮಾರುವುದನ್ನು ನಿಜವಾಗಿ ನಿಲ್ಲಿಸಿ. ಎರಡು ಇಲಾಖೆಗೆ ಎರಡು ಕಡತ ಬೇಡ. ಒಂದೇ ಟೆಂಡರ್ ಕರೆದರೆ ಸಾಕು.

ಇಂತಿ,
ಒಬ್ಬ ದನದ ಡಾಕ್ಟರ್